ಗುಟ್ಟು ಬೇರೆ, ಬಿಡುಗಡೆ ಬೇರೆ

(ಡಿಜಿಟಲ್ ಕಣ್ಗಾವಲು ಮತ್ತು ವಿಕೇಂದ್ರೀಕೃತ ತಂತ್ರಜ್ಞಾನದ ಕುರಿತ ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಮರುಕಳಿಸಿದ್ದನ್ನು ಕತ್ತರಿಸಿದ್ದೇನೆ. ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಕೊನೆಯಲ್ಲಿ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಂದಿನ ವಿಷಯದಲ್ಲಿ ಕಣ್ಗಾವಲು, ಸ್ವಾತಂತ್ರ್ಯ, ವಿಕೇಂದ್ರೀಕರಣ ಎಂಬ ಮೂರು ದೊಡ್ಡ ಮಾತುಗಳಿವೆ. ಇವನ್ನು ರೋಗ, ಆರೋಗ್ಯ, ಔಷಧ ಎಂಬಂತೆ ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಗಿಬಿಟ್ಟಿದೆ. ಕಂಪನಿಗಳೂ ಸರ್ಕಾರಗಳೂ ನಮ್ಮನ್ನು ನೋಡುತ್ತಿವೆ, ಎಲ್ಲ ಮಾಹಿತಿಯೂ ಕೆಲವೇ ಕಡೆ ಸೇರಿರುವುದರಿಂದ ಹಾಗೆ ನೋಡುವುದು ಸಾಧ್ಯವಾಗಿದೆ, ಆದ್ದರಿಂದ ಎಲ್ಲವನ್ನೂ ಹಂಚಿಬಿಟ್ಟರೆ ಆ ನೋಟದಿಂದ ತಪ್ಪಿಸಿಕೊಳ್ಳಬಹುದು ಎಂದು ವಾದ ಸಾಗುತ್ತದೆ. ಕೇಳಲು ಸೊಗಸಾಗಿದೆ. ಆದರೆ ಅರ್ಧ ಮಾತ್ರ ನಿಜ. ಉಳಿದರ್ಧವನ್ನು ನಂಬಿ ಜೈಲು ಸೇರಿದವರೂ ಇದ್ದಾರೆ.

ವಿಕೇಂದ್ರೀಕರಣ ನಮ್ಮ ಗುಟ್ಟನ್ನು ಕಾಯುವುದಿಲ್ಲ ಎಂಬುದು ನನ್ನ ವಾದ. ಅದು ಕೊಡಬಲ್ಲದ್ದು ಬೇರೆಯೇ ಇದೆ, ಮತ್ತು ಅದೂ ಅಷ್ಟೇ ಮುಖ್ಯವಾದದ್ದು. ಎರಡನ್ನೂ ಕಲಸಿಕೊಂಡರೆ ಎರಡೂ ಕೈತಪ್ಪುತ್ತವೆ. ಅಲ್ಲಿಗೆ ಹೋಗುವ ಮೊದಲು, ಕಣ್ಗಾವಲು ಎಂದರೆ ಯಾರು ಏನನ್ನು ನೋಡುತ್ತಾರೆ ಎಂಬುದನ್ನು ಬಿಡಿಸಿಕೊಳ್ಳೋಣ.

ಕಣ್ಗಾವಲು ಎಂದ ಕೂಡಲೇ ಕಣ್ಣ ಮುಂದೆ ಬರುವುದು ಇನ್ನೊಬ್ಬರ ಫೋನ್ ಮಾತಿಗೆ ಕಿವಿಗೊಟ್ಟು ಕುಳಿತ ಮನುಷ್ಯ. ಅವನ ಕಾಲ ಮುಗಿದು ಬಹಳ ದಿನಗಳಾದವು. ಮಾತನ್ನು ಕೇಳಿಸಿಕೊಳ್ಳುವುದು ದುಬಾರಿ ಕೆಲಸ. ಭಾಷೆ ಗೊತ್ತಿರಬೇಕು, ವ್ಯಂಗ್ಯ ಅರ್ಥವಾಗಬೇಕು, ಗಂಟೆಗಟ್ಟಲೆ ಕೂರಬೇಕು. ಯಾರು, ಯಾರಿಗೆ, ಯಾವಾಗ, ಎಲ್ಲಿಂದ, ಎಷ್ಟು ಹೊತ್ತು ಕರೆ ಮಾಡಿದರು ಎಂಬ ಪಟ್ಟಿಗೆ ಇದಾವುದೂ ಬೇಕಿಲ್ಲ. ಅದು ತಾನಾಗಿಯೇ ದಾಖಲಾಗುತ್ತದೆ, ವಿಂಗಡಿಸಲು ಸುಲಭ, ವರ್ಷಗಟ್ಟಲೆ ಇಟ್ಟುಕೊಂಡರೂ ಹೆಚ್ಚು ಜಾಗ ಹಿಡಿಯುವುದಿಲ್ಲ. ಮೆಟಾಡೇಟಾ ಎಂದು ಕರೆಯುವುದು ಇದನ್ನೇ.

ಅಮೆರಿಕದ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ನೀಡಿದ ಕಾರ್ಪೆಂಟರ್ ಪ್ರಕರಣವನ್ನೇ ನೋಡಿ. ಸರಣಿ ದರೋಡೆಗಳ ತನಿಖೆಯಲ್ಲಿ ಪೊಲೀಸರು ಆರೋಪಿಯ ಮೊಬೈಲ್ ಯಾವ ಟವರಿಗೆ ಯಾವಾಗ ತಗುಲಿಕೊಂಡಿತ್ತು ಎಂಬ ದಾಖಲೆಯನ್ನು ಶೋಧನಾ ವಾರಂಟ್ ಇಲ್ಲದೆಯೇ ಕಂಪನಿಗಳಿಂದ ಪಡೆದುಕೊಂಡಿದ್ದರು. ಸಿಕ್ಕಿದ್ದು 127 ದಿನಗಳ ದಾಖಲೆ, ಅದರಲ್ಲಿ 12,898 ಸ್ಥಳಬಿಂದುಗಳು. ದಿನಕ್ಕೆ ಸರಾಸರಿ ನೂರೊಂದು. ಒಂದು ಮಾತನ್ನೂ ಯಾರೂ ಕದ್ದು ಕೇಳಿರಲಿಲ್ಲ. ಫೋನು ಜೇಬಿನಲ್ಲಿತ್ತು, ಅಷ್ಟೇ. ಇಂಥ ದಾಖಲೆ ಪಡೆಯಲು ವಾರಂಟ್ ಬೇಕು ಎಂದು ನ್ಯಾಯಾಲಯ ಹೇಳಿತು, ಅದೂ ಐದಕ್ಕೆ ನಾಲ್ಕರ ಬಹುಮತದಲ್ಲಿ. ಒಬ್ಬ ನ್ಯಾಯಮೂರ್ತಿ ಆ ಕಡೆಗೆ ವಾಲಿದ್ದರೆ ಕಥೆ ಬೇರೆಯಾಗುತ್ತಿತ್ತು.

ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಮತ್ತು ಸಿಐಎ ಎರಡಕ್ಕೂ ಮುಖ್ಯಸ್ಥರಾಗಿದ್ದ ಮೈಕೆಲ್ ಹೇಡನ್, ನಾವು ಮೆಟಾಡೇಟಾದ ಆಧಾರದ ಮೇಲೆ ಜನರನ್ನು ಕೊಲ್ಲುತ್ತೇವೆ ಎಂದು 2014ರಲ್ಲಿ ಒಂದು ಚರ್ಚೆಯಲ್ಲಿ ಬಾಯಿಬಿಟ್ಟು ಹೇಳಿದರು. ಇಷ್ಟಾದ ಮೇಲೂ ‘ಅದು ಬರೀ ಮೆಟಾಡೇಟಾ’ ಎನ್ನುವವರನ್ನು ಕಂಡರೆ ನನಗೆ ಸೋಜಿಗವಾಗುತ್ತದೆ.

ಹೆಸರು ತೆಗೆದುಹಾಕಿದರೆ ಸಾಕಲ್ಲವೇ ಎನ್ನಬಹುದು. ಸಾಲದು. 15 ಲಕ್ಷ ಜನರ ಹದಿನೈದು ತಿಂಗಳ ಮೊಬೈಲ್ ದಾಖಲೆಯನ್ನು ಹೆಸರಿಲ್ಲದೆ ಪರಿಶೀಲಿಸಿದ ಸಂಶೋಧಕರು 2013ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಒಬ್ಬ ವ್ಯಕ್ತಿ ಯಾವ ಗಂಟೆಯಲ್ಲಿ ಯಾವ ಟವರಿನ ಆಸುಪಾಸಿನಲ್ಲಿದ್ದ ಎಂಬ ನಾಲ್ಕು ಬಿಂದುಗಳು ಸಿಕ್ಕರೆ ಆ ರಾಶಿಯಲ್ಲಿ ಶೇ 95ರಷ್ಟು ಜನರನ್ನು ಬೇರೆಯಾಗಿ ಗುರುತಿಸಬಹುದು ಎಂಬುದು ಅವರ ಫಲಿತಾಂಶ. ಮನೆ ಎಲ್ಲಿ, ಕಚೇರಿ ಎಲ್ಲಿ ಎಂದು ಗೊತ್ತಾದರೆ ಎರಡು ಬಿಂದುಗಳು ಅಲ್ಲಿಗೇ ಮುಗಿದವು.

ಅದಕ್ಕೂ ಮೊದಲು, 2006ರಲ್ಲಿ, ಎಒಎಲ್ ಕಂಪನಿ ಸಂಶೋಧನೆಗೆ ನೆರವಾಗಲೆಂದು ಸುಮಾರು ಆರೂವರೆ ಲಕ್ಷ ಬಳಕೆದಾರರ ಎರಡು ಕೋಟಿಯಷ್ಟು ಹುಡುಕಾಟಗಳನ್ನು ಹೆಸರಿನ ಬದಲು ಅಂಕಿ ಹಾಕಿ ಬಿಡುಗಡೆ ಮಾಡಿತ್ತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಒಂದು ಅಂಕಿಯ ಹಿಂದಿದ್ದ ವೃದ್ಧೆಯ ಮನೆಯ ಬಾಗಿಲಿಗೆ ಹೋಗಿ ನಿಂತರು. ಆಕೆ ಹುಡುಕಿದ್ದು ತನ್ನ ಊರು, ತನ್ನ ಕುಟುಂಬದ ಹೆಸರು, ಕಾಯಿಲೆ ಕಸಾಲೆಗಳ ಬಗ್ಗೆ. ಎಲ್ಲರೂ ಹುಡುಕುವುದು ಅದನ್ನೇ.

ಇಷ್ಟೊಂದು ದಾಖಲೆ ಸೇರಿದ್ದು ಯಾರೋ ಕುಳಿತು ಪಿತೂರಿ ಮಾಡಿದ್ದರಿಂದಲ್ಲ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಕುಕೀ ಎಂಬುದನ್ನು ರೂಪಿಸಿದಾಗ ಇದ್ದ ಸಮಸ್ಯೆ ತೀರ ಸಾಧಾರಣವಾದದ್ದು. ಜಾಲತಾಣಕ್ಕೆ ನೆನಪಿನ ಶಕ್ತಿ ಇರಲಿಲ್ಲ. ಆನ್‌ಲೈನ್ ಅಂಗಡಿಯ ಒಂದು ಪುಟದಲ್ಲಿ ಬುಟ್ಟಿಗೆ ಹಾಕಿದ ವಸ್ತು ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಮರೆತುಹೋಗುತ್ತಿತ್ತು. ಅದಕ್ಕೆಂದು ಬ್ರೌಸರಿನಲ್ಲಿ ಒಂದು ಚೀಟಿ ಇಡುವ ವ್ಯವಸ್ಥೆ ಬಂತು. ಜಾಹೀರಾತು ಕಂಪನಿಗಳಿಗೆ ಇದರ ಇನ್ನೊಂದು ಉಪಯೋಗ ಹೊಳೆಯಲು ತಡವಾಗಲಿಲ್ಲ. ಸಾವಿರ ತಾಣಗಳಲ್ಲಿ ಒಂದೇ ಕಂಪನಿಯ ಜಾಹೀರಾತು ಇದ್ದರೆ, ಸಾವಿರ ಕಡೆಯೂ ಅದೇ ಚೀಟಿ ಓದಲು ಸಿಗುತ್ತದೆ.

ಈಗ ನೀವು ಒಂದು ಪುಟ ತೆರೆದರೆ, ಅದು ಪೂರ್ತಿ ಮೂಡುವಷ್ಟರಲ್ಲಿ ಅಲ್ಲಿನ ಜಾಹೀರಾತು ಜಾಗ ಹರಾಜಾಗಿರುತ್ತದೆ. ಹರಾಜು ಕೂಗಲು ನಿಮ್ಮ ವಿವರ ಬೇಕು. ಯಾವ ಫೋನು, ಯಾವ ಪ್ರದೇಶ, ಯಾವ ಆಸಕ್ತಿ ಎಂಬ ಮಾಹಿತಿ ನೂರಾರು ಕಂಪನಿಗಳಿಗೆ ಹೋಗುತ್ತದೆ. ಗೆಲ್ಲುವವರು ಒಬ್ಬರೇ, ಆದರೆ ವಿವರ ಎಲ್ಲರ ಕೈಗೂ ಸಿಕ್ಕಿರುತ್ತದೆ. ಸೋತವರು ಅದನ್ನು ಮರೆತುಬಿಡುತ್ತಾರೆ ಎಂದು ಭಾವಿಸಲು ಯಾವ ಕಾರಣವೂ ಇಲ್ಲ. ಜನರ ಮಾಹಿತಿಯನ್ನು ಕೊಂಡು ಮಾರುವ ಡೇಟಾ ದಲ್ಲಾಳಿಗಳ ಒಂದು ಉದ್ಯಮವೇ ಇದರ ಸುತ್ತ ಬೆಳೆದಿದೆ.

2013ರ ಜೂನ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಗುತ್ತಿಗೆ ಉದ್ಯೋಗಿಯಾಗಿದ್ದ ಎಡ್ವರ್ಡ್ ಸ್ನೋಡೆನ್ ಬಯಲಿಗಿಟ್ಟ ದಾಖಲೆಗಳಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇದೇ ಜೋಡಣೆ. ಪ್ರಿಸಂ ಎಂಬ ಕಣ್ಗಾವಲು ಕಾರ್ಯಕ್ರಮಕ್ಕಾಗಿ ಸರ್ಕಾರ ಮನೆಮನೆಗೆ ತಂತಿ ಎಳೆಯಬೇಕಾಗಿರಲಿಲ್ಲ. ಜನರ ಪತ್ರ, ಚಿತ್ರ, ಮಾತುಕತೆಗಳು ಆಗಲೇ ಒಂಬತ್ತು ಇಂಟರ್ನೆಟ್ ಕಂಪನಿಗಳಲ್ಲಿ ಅಚ್ಚುಕಟ್ಟಾಗಿ ಜೋಡಣೆಯಾಗಿದ್ದವು. ಆಮೇಲಿನ ವರ್ಷಗಳಲ್ಲಿ ಇನ್ನೂ ಸುಲಭದ ದಾರಿ ಸಿಕ್ಕಿತು. ಅಮೆರಿಕದ ಗುಪ್ತಚರ ಸಂಸ್ಥೆಗಳು ದಲ್ಲಾಳಿಗಳಿಂದ ಜನರ ಮಾಹಿತಿಯನ್ನು ದುಡ್ಡು ಕೊಟ್ಟು ಕೊಳ್ಳುತ್ತಿವೆ ಎಂದು ಅಲ್ಲಿನ ಗುಪ್ತಚರ ನಿರ್ದೇಶಕರ ಕಚೇರಿಯದ್ದೇ ವರದಿ ಹೇಳಿತು. ಅದು ಸಾರ್ವಜನಿಕವಾದದ್ದು 2023ರ ಜೂನ್‌ನಲ್ಲಿ. ಕೊಳ್ಳುವುದಕ್ಕೆ ವಾರಂಟ್ ಬೇಡವಲ್ಲ!

ನೋಡುತ್ತಿದ್ದಾರೆ ಎಂಬುದು ಗೊತ್ತಾದರೆ ಜನ ಬದಲಾಗುತ್ತಾರೆ. ಸ್ನೋಡೆನ್ ಸುದ್ದಿಯ ನಂತರ ವಿಕಿಪೀಡಿಯಾದಲ್ಲಿ ಭಯೋತ್ಪಾದನೆಗೆ ಸಂಬಂಧಿಸಿದ ಲೇಖನಗಳನ್ನು ಓದುವವರ ಸಂಖ್ಯೆ ಗಮನಾರ್ಹವಾಗಿ ಇಳಿಯಿತು ಎಂದು ಸಂಶೋಧಕ ಜಾನಥನ್ ಪೆನ್ನಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ವಿಶ್ವಕೋಶ ಓದುವುದು ಎಲ್ಲಿಯೂ ಅಪರಾಧವಾಗಿರಲಿಲ್ಲ. ಯಾರೂ ಯಾರನ್ನೂ ಓದಬೇಡಿ ಎಂದಿರಲಿಲ್ಲ. ನಿಷೇಧದ ಆದೇಶ ಹೊರಡಿಸಿದರೆ ನ್ಯಾಯಾಲಯಕ್ಕೆ ಹೋಗಬಹುದು. ತಾನಾಗಿಯೇ ಹಿಂಜರಿದ ಓದುಗ ಯಾರ ಮೇಲೆ ದಾವೆ ಹೂಡಬೇಕು?

ಇನ್ನು ಪರಿಹಾರದ ಮಾತು. ಗುಟ್ಟು ಕಾಯುವ ಕೆಲಸಕ್ಕೆ ನಮ್ಮಲ್ಲಿರುವ ಸಾಧನ ಎನ್‌ಕ್ರಿಪ್ಷನ್, ಅಂದರೆ ಗೂಢಲಿಪಿ. ಹಿಂದೆಲ್ಲ ಗೂಢಲಿಪಿಯಲ್ಲಿ ಮಾತನಾಡಬೇಕಾದರೆ ಇಬ್ಬರೂ ಮೊದಲೇ ಗುಟ್ಟಾಗಿ ಒಂದು ಕೀಲಿಯನ್ನು ಹಂಚಿಕೊಂಡಿರಬೇಕಿತ್ತು. ಅದು ಸೈನ್ಯಕ್ಕೂ ರಾಯಭಾರ ಕಚೇರಿಗೂ ಸಾಧ್ಯ, ನಿಮಗೂ ನನಗೂ ಅಲ್ಲ. 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಆ ಕಟ್ಟನ್ನು ಬಿಡಿಸಿದರು. ಎಲ್ಲರೂ ಕೇಳಿಸಿಕೊಳ್ಳುತ್ತಿರುವ ತಂತಿಯ ಮೇಲೆಯೇ ಇಬ್ಬರು ಅಪರಿಚಿತರು ತಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಕೀಲಿಯೊಂದನ್ನು ಸೃಷ್ಟಿಸಿಕೊಳ್ಳುವ ಗಣಿತ ಅದು. ನನ್ನ ಲೆಕ್ಕದಲ್ಲಿ ಇಪ್ಪತ್ತನೇ ಶತಮಾನದ ಅತ್ಯಂತ ರಾಜಕೀಯವಾದ ಗಣಿತವೂ ಅದೇ.

ಸರ್ಕಾರಗಳಿಗೆ ಇದು ರುಚಿಸಲಿಲ್ಲ. ಫಿಲ್ ಜಿಮ್ಮರ್‌ಮನ್ 1991ರಲ್ಲಿ ಪಿಜಿಪಿ ಎಂಬ ಗೂಢಲಿಪಿ ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟುಕೊಟ್ಟ ನಂತರ ಅಮೆರಿಕ ಸರ್ಕಾರ ಅವರ ಮೇಲೆ ತನಿಖೆ ಆರಂಭಿಸಿತು. ಬಲವಾದ ಗೂಢಲಿಪಿ ಆಗ ಕಾನೂನಿನ ದೃಷ್ಟಿಯಲ್ಲಿ ಯುದ್ಧಸಾಮಗ್ರಿ, ಅದನ್ನು ದೇಶದಾಚೆ ಕಳಿಸುವುದು ಶಸ್ತ್ರ ರಫ್ತು. ತಂತ್ರಾಂಶದ ಮೂಲಸಂಕೇತವನ್ನು ಪುಸ್ತಕವಾಗಿ ಅಚ್ಚು ಹಾಕಿಸಿ ಅವರು ಆ ಕಾನೂನನ್ನು ಅಣಕಿಸಿದರು, ಏಕೆಂದರೆ ಪುಸ್ತಕದ ರಫ್ತನ್ನು ತಡೆಯುವಂತಿರಲಿಲ್ಲ. 1996ರಲ್ಲಿ ಆರೋಪಪಟ್ಟಿಯೇ ಇಲ್ಲದೆ ತನಿಖೆ ಮುಗಿಯಿತು. ಆದರೆ ‘ನಮಗೆ ಮಾತ್ರ ಒಂದು ಹಿಂಬಾಗಿಲು ಇಡಿ’ ಎಂಬ ಬೇಡಿಕೆ ಮುಗಿಯಲಿಲ್ಲ. 2025ರ ಫೆಬ್ರುವರಿಯಲ್ಲಿ ಬ್ರಿಟನ್ ಸರ್ಕಾರದ ಒತ್ತಾಯದ ನಂತರ ಆ್ಯಪಲ್ ಕಂಪನಿ ಅಲ್ಲಿನ ಬಳಕೆದಾರರಿಗೆ ತನ್ನ ಅತ್ಯಂತ ಬಿಗಿಯಾದ ಬ್ಯಾಕಪ್ ರಕ್ಷಣೆಯನ್ನೇ ಹಿಂತೆಗೆದುಕೊಂಡಿತು.

ಹಿಂಬಾಗಿಲಿನ ಗತಿ ಏನಾಗುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ. ಗ್ರೀಸ್‌ನಲ್ಲಿ 2004ರ ಒಲಿಂಪಿಕ್ಸ್‌ನ ಸುಮಾರಿನಿಂದ 2005ರ ಮಾರ್ಚ್‌ವರೆಗೆ ಪ್ರಧಾನಿಯೂ ಸೇರಿದಂತೆ ನೂರಕ್ಕೂ ಹೆಚ್ಚು ಗಣ್ಯರ ಮೊಬೈಲ್‌ಗಳನ್ನು ಯಾರೋ ಕದ್ದು ಕೇಳುತ್ತಿದ್ದರು. ಕಳ್ಳರು ಹೊಸ ಉಪಕರಣ ತಂದಿರಲಿಲ್ಲ. ಪೊಲೀಸರ ಕಾನೂನುಬದ್ಧ ಕದ್ದಾಲಿಕೆಗೆಂದು ದೂರವಾಣಿ ವಿನಿಮಯ ಕೇಂದ್ರದ ತಂತ್ರಾಂಶದಲ್ಲಿ ತಯಾರಕರೇ ಇಟ್ಟಿದ್ದ ಸೌಲಭ್ಯವನ್ನು ಸದ್ದಿಲ್ಲದೆ ಚಾಲೂ ಮಾಡಿಕೊಂಡಿದ್ದರು. ಇಪ್ಪತ್ತು ವರ್ಷಗಳ ನಂತರ ಅದೇ ನಾಟಕ ದೊಡ್ಡ ರಂಗದ ಮೇಲೆ ನಡೆಯಿತು. ಅಮೆರಿಕದಲ್ಲಿ ದೂರಸಂಪರ್ಕ ಕಂಪನಿಗಳು ಕದ್ದಾಲಿಕೆಗೆ ಅನುಕೂಲ ಮಾಡಿಕೊಡಲೇಬೇಕು ಎಂಬ ಕಾನೂನು 1994ರಿಂದ ಇದೆ. ಸಾಲ್ಟ್ ಟೈಫೂನ್ ಎಂದು ಹೆಸರಿಸಲಾದ, ಚೀನಾ ಸರ್ಕಾರದೊಂದಿಗೆ ನಂಟಿರುವುದಾಗಿ ಅಮೆರಿಕ ಹೇಳುವ ಹ್ಯಾಕರ್‌ಗಳ ತಂಡ ಆ ಕಂಪನಿಗಳೊಳಗೆ ನುಗ್ಗಿ, ಪೊಲೀಸರ ಕದ್ದಾಲಿಕೆ ಕೋರಿಕೆಗಳಿಗೆ ಸಂಬಂಧಿಸಿದ ಮಾಹಿತಿಯನ್ನೂ ನಕಲು ಮಾಡಿಕೊಂಡದ್ದು 2024ರಲ್ಲಿ ಬಯಲಾಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಅಲ್ಲಿನ ಸೈಬರ್ ಭದ್ರತಾ ಅಧಿಕಾರಿಗಳು ಎನ್‌ಕ್ರಿಪ್ಷನ್ ಇರುವ ಆ್ಯಪ್‌ಗಳನ್ನೇ ಬಳಸಿ ಎಂದು ಜನರಿಗೆ ಸಲಹೆ ಕೊಟ್ಟರು. ದಶಕಗಳ ಕಾಲ ಅದೇ ಎನ್‌ಕ್ರಿಪ್ಷನ್‌ ಬಗ್ಗೆ ಅದೇ ಸರ್ಕಾರ ಮೂಗು ಮುರಿದಿತ್ತು.

ಈಗ ಗಮನಿಸಬೇಕಾದ ಒಂದು ಸಂಗತಿ. ಎನ್‌ಕ್ರಿಪ್ಷನ್ ಇರುವ ಸಂದೇಶ ಸೇವೆಯಾದ ಸಿಗ್ನಲ್ ಆ್ಯಪನ್ನು ನಡೆಸುತ್ತಿದ್ದ ಸಂಸ್ಥೆಗೆ 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿಯೊಂದರಿಂದ (ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಸಮನ್ಸ್ ಬಂತು. ಬಳಕೆದಾರರ ಹೆಸರು, ವಿಳಾಸ, ಸಂಪರ್ಕಗಳು ಎಲ್ಲವನ್ನೂ ಕೊಡಿ ಎಂಬುದು ಅದರ ಸಾರ. ಸಂಸ್ಥೆ ಕೊಟ್ಟಿದ್ದು ಎರಡೇ ವಿವರ: ಖಾತೆ ತೆರೆದದ್ದು ಯಾವಾಗ, ಕೊನೆಯ ಬಾರಿ ಸರ್ವರಿಗೆ ಸಂಪರ್ಕಗೊಂಡದ್ದು ಯಾವಾಗ. ಹಟ ಹಿಡಿದು ಬಚ್ಚಿಟ್ಟಿರಲಿಲ್ಲ. ಅವರ ಬಳಿ ಇದ್ದದ್ದೇ ಅಷ್ಟು. ಸಂಗ್ರಹಿಸದೇ ಇದ್ದದ್ದನ್ನು ಯಾವ ನ್ಯಾಯಾಲಯವೂ ಕಸಿದುಕೊಳ್ಳಲಾರದು.

ಆದರೆ ಈ ಸಿಗ್ನಲ್ ಪೂರ್ತಿ ಕೇಂದ್ರೀಕೃತ ವ್ಯವಸ್ಥೆ. ಒಂದೇ ಸಂಸ್ಥೆ, ಅದೊಂದೇ ನಡೆಸುವ, ಅಮೆಜಾನ್‌ನಂಥ ಕಂಪನಿಗಳಿಂದ ಬಾಡಿಗೆಗೆ ಪಡೆದ ಸರ್ವರ್‌ಗಳು. ಜಗತ್ತಿನಲ್ಲಿ ಸಾಮಾನ್ಯರಿಗೆ ಸಿಗುವ ಅತ್ಯುತ್ತಮ ಖಾಸಗಿತನ ಕೇಂದ್ರೀಕೃತವಾದ ಒಂದು ಕಡೆಯಿಂದ ಬರುತ್ತಿದೆ. ವಿಕೇಂದ್ರೀಕರಣದ ಭಕ್ತರಿಗೆ ಇದು ಮುಜುಗರದ ಸಂಗತಿ, ಹಾಗಾಗಿ ಅವರು ಇದನ್ನು ಹೆಚ್ಚಾಗಿ ಪ್ರಸ್ತಾಪಿಸುವುದಿಲ್ಲ.

ವಿಕೇಂದ್ರೀಕೃತವಾದವುಗಳನ್ನು ನೋಡೋಣ. ಇಮೇಲ್ ನಮ್ಮ ನಡುವಿನ ಅತ್ಯಂತ ಹಳೆಯ ವಿಕೇಂದ್ರೀಕೃತ ವ್ಯವಸ್ಥೆ. 1982ರಲ್ಲಿ ಅದರ ನಿಯಮ ಪ್ರಕಟವಾದಾಗ ಪತ್ರಗಳು ತೆರೆದ ಕಾಗದದಂತೆ ಸರ್ವರಿನಿಂದ ಸರ್ವರಿಗೆ ಓಡಾಡುತ್ತಿದ್ದವು. ಬಿಟ್‌ಟೊರೆಂಟ್‌ನಲ್ಲಿ ಒಂದು ಕಡತವನ್ನು ಹಂಚಿಕೊಳ್ಳುತ್ತಿರುವ ಎಲ್ಲರ ಐಪಿ ವಿಳಾಸವೂ, ಅಂದರೆ ಇಂಟರ್ನೆಟ್‌ನಲ್ಲಿ ಅವರ ಸಂಪರ್ಕದ ಗುರುತಿನ ಸಂಖ್ಯೆಯೂ, ಎಲ್ಲರಿಗೂ ಕಾಣುತ್ತದೆ. ಮ್ಯಾಸ್ಟೊಡಾನ್ ಎಂಬ ಸಾಮಾಜಿಕ ಜಾಲದಲ್ಲಿ ನೀವು ಖಾಸಗಿ ಎಂದುಕೊಂಡು ಕಳಿಸಿದ ಸಂದೇಶವನ್ನು ನಿಮ್ಮ ಸರ್ವರಿನ ನಿರ್ವಾಹಕರು ಓದಬಹುದು, ಪಡೆದವರ ಸರ್ವರಿನ ನಿರ್ವಾಹಕರೂ ಓದಬಹುದು. 2019ರ ಹಾಂಕಾಂಗ್ ಪ್ರತಿಭಟನೆಯಲ್ಲಿ ಇಂಟರ್ನೆಟ್ ಇಲ್ಲದೆಯೂ ಫೋನಿನಿಂದ ಫೋನಿಗೆ ಬ್ಲೂಟೂತ್ ಮೂಲಕ ಸಂದೇಶ ದಾಟಿಸುವ ಬ್ರಿಡ್ಜ್‌ಫೈ ಆ್ಯಪ್ ಬಹಳ ಜನಪ್ರಿಯವಾಯಿತು. ಕೇಂದ್ರವೇ ಇಲ್ಲದ ಜಾಲ. ಮರುವರ್ಷ ಸಂಶೋಧಕರು ಪರೀಕ್ಷಿಸಿದಾಗ ಆ ಸಂದೇಶಗಳನ್ನು ಓದಬಹುದು, ಬಳಕೆದಾರರನ್ನು ಹಿಂಬಾಲಿಸಬಹುದು, ಒಂದೇ ಒಂದು ದುರುದ್ದೇಶದ ಸಂದೇಶದಿಂದ ಜಾಲವನ್ನೇ ನಿಲ್ಲಿಸಬಹುದು ಎಂದು ತಿಳಿಯಿತು.

ಇನ್ನು ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣ. ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಅದರ ಪ್ರಬಂಧ ಹೊರಬಂತು, 2009ರ ಜನವರಿಯಲ್ಲಿ ಜಾಲ ಚಾಲನೆಗೊಂಡಿತು. ಬ್ಯಾಂಕ್ ಇಲ್ಲ, ಯಜಮಾನ ಇಲ್ಲ. ಅದರ ಲೆಕ್ಕದ ಪುಸ್ತಕ ಸಾವಿರಾರು ಕಂಪ್ಯೂಟರ್‌ಗಳಲ್ಲಿದೆ, ಮತ್ತು ಅದು ಎಲ್ಲರಿಗೂ ತೆರೆದಿದೆ. ಮೊದಲ ದಿನದಿಂದ ಇಂದಿನವರೆಗಿನ ಪ್ರತಿ ವಹಿವಾಟನ್ನೂ ಯಾರು ಬೇಕಾದರೂ ಓದಬಹುದು, ಅಳಿಸುವುದು ಮಾತ್ರ ಯಾರಿಂದಲೂ ಆಗದು. ಬಿಟ್‌ಫಿನೆಕ್ಸ್ ವಿನಿಮಯ ಕೇಂದ್ರದಿಂದ 2016ರಲ್ಲಿ ಕಳವಾದ ಹಣವನ್ನು ಈ ಪುಸ್ತಕದ ಜಾಡು ಹಿಡಿದೇ ಹಿಂಬಾಲಿಸಿದ ತನಿಖಾಧಿಕಾರಿಗಳು 2022ರ ಫೆಬ್ರುವರಿಯಲ್ಲಿ 94,000ಕ್ಕೂ ಹೆಚ್ಚು ಬಿಟ್‌ಕಾಯಿನ್ ವಶಪಡಿಸಿಕೊಂಡರು. ಆಗಿನ ಬೆಲೆಯಲ್ಲಿ ಅದು 360 ಕೋಟಿ ಡಾಲರ್. ಗುಟ್ಟಿನ ಹಣವೆಂದು ನಂಬಿದವರಿಗೆ ಅದು ಜಗತ್ತಿನ ಅತ್ಯಂತ ಬಿಗಿಯಾದ ಕಣ್ಗಾವಲು ದಾಖಲೆಯಾಗಿ ಪರಿಣಮಿಸಿತು.

ಇದೆಲ್ಲಕ್ಕೂ ಅಪವಾದವೊಂದಿದೆ, ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಂಟರ್ನೆಟ್‌ನಲ್ಲಿ ಯಾರು ಎಲ್ಲಿಗೆ ಹೋಗುತ್ತಿದ್ದಾರೆ ಎಂಬುದನ್ನು ಮರೆಮಾಡುವ ಟಾರ್ ಜಾಲದ ಮೂಲ ಕಲ್ಪನೆ ಹುಟ್ಟಿದ್ದು 1990ರ ದಶಕದ ನಡುವಿನಲ್ಲಿ, ಅಮೆರಿಕದ ನೌಕಾಪಡೆಯ ಸಂಶೋಧನಾ ಪ್ರಯೋಗಾಲಯದಲ್ಲಿ. ನಿಮ್ಮ ಸಂದೇಶವನ್ನು ಮೂರು ಪದರಗಳಲ್ಲಿ ಸುತ್ತಿ ಮೂರು ಕಂಪ್ಯೂಟರ್‌ಗಳ ಮೂಲಕ ಅದು ಸಾಗಿಸುತ್ತದೆ. ಮೊದಲನೆಯದಕ್ಕೆ ನೀವು ಯಾರೆಂದು ಗೊತ್ತು, ಎಲ್ಲಿಗೆ ಹೊರಟಿದ್ದೀರಿ ಎಂದು ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆಂದು ಗೊತ್ತು, ಯಾರೆಂದು ಗೊತ್ತಿಲ್ಲ. ನಡುವಿನದಕ್ಕೆ ಎರಡೂ ಗೊತ್ತಿಲ್ಲ. ಇಲ್ಲಿ ಹಂಚಿರುವುದು ಅಜ್ಞಾನವನ್ನು. ಕೆಲಸವನ್ನು ಹಲವರಿಗೆ ಹಂಚುವಾಗಲೇ ಯಾರಿಗೂ ಪೂರ್ತಿ ಚಿತ್ರ ಸಿಗದಂತೆ ಲೆಕ್ಕ ಹಾಕಿ ಹಂಚಲಾಗಿದೆ. ಬಿಟ್‌ಕಾಯಿನ್ ಮಾಡುವುದು ಇದರ ತದ್ವಿರುದ್ಧ, ಅದು ಪೂರ್ತಿ ಚಿತ್ರವನ್ನು ಎಲ್ಲರಿಗೂ ಕೊಡುತ್ತದೆ. ಎರಡನ್ನೂ ‘ವಿಕೇಂದ್ರೀಕೃತ’ ಎಂಬ ಒಂದೇ ಕಪಾಟಿನಲ್ಲಿ ಇಡುವುದರಿಂದಲೇ ಗೊಂದಲ.

ನೌಕಾಪಡೆ ತನ್ನ ಗುಟ್ಟಿನ ಸಾಧನವನ್ನು ಎಲ್ಲರಿಗೂ ಏಕೆ ಬಿಟ್ಟುಕೊಟ್ಟಿತು? 2002ರಲ್ಲಿ ಟಾರ್ ಮುಕ್ತ ತಂತ್ರಾಂಶವಾಗಿ ಹೊರಬಂತು. ಔದಾರ್ಯ ಅದಕ್ಕೆ ಕಾರಣವಲ್ಲ. ಜಾಲವನ್ನು ನೌಕಾಪಡೆಯೊಂದೇ ಬಳಸಿದರೆ ಅಲ್ಲಿಂದ ಹೊರಬಂದ ಪ್ರತಿಯೊಬ್ಬನೂ ನೌಕಾಪಡೆಯವನೇ ಎಂದು ಯಾರಿಗಾದರೂ ತಿಳಿಯುತ್ತದೆ. ಮರೆಯಾಗಲು ಗುಂಪು ಬೇಕು. ಆ ಗುಂಪಿನಲ್ಲಿ ಪತ್ರಕರ್ತರಿರುತ್ತಾರೆ, ಭಿನ್ನಮತೀಯರಿರುತ್ತಾರೆ, ಕಳ್ಳರೂ ಇರುತ್ತಾರೆ. ಕಳ್ಳರನ್ನು ಮಾತ್ರ ಹೊರಗಿಡುವ ಗಣಿತವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

ಹಾಗಾದರೆ ವಿಕೇಂದ್ರೀಕರಣದ ಭರವಸೆ ಯಾವುದು? ಇದರ ಉತ್ತರ 1964ರಷ್ಟು ಹಿಂದೆಯೇ ಇದೆ. ಅಮೆರಿಕದ ರ‍್ಯಾಂಡ್ ಸಂಶೋಧನಾ ಸಂಸ್ಥೆಯ ಪಾಲ್ ಬಾರನ್ ಅಣುದಾಳಿಯ ನಂತರವೂ ಬದುಕುಳಿಯುವ ಸಂಪರ್ಕ ಜಾಲ ಹೇಗಿರಬೇಕು ಎಂದು ಯೋಚಿಸಿ ಸರಣಿ ಪ್ರಬಂಧಗಳನ್ನು ಬರೆದರು. ಅವರಿಗಿದ್ದ ಮುಖ್ಯ ಚಿಂತೆ ನಡುವಿನ ಒಂದು ಗಂಟು ಕಡಿದರೆ ಎಲ್ಲವೂ ಸತ್ತುಹೋಗಬಾರದು ಎಂಬುದು. ಅಂದಿನಿಂದ ಇಂದಿನವರೆಗೆ ವಿಕೇಂದ್ರೀಕರಣ ಚೆನ್ನಾಗಿ ಮಾಡಿರುವ ಕೆಲಸ ಮೊದಲಿಗೆ ಇದು. ಒಬ್ಬರ ಕೈಯಲ್ಲಿ ಎಲ್ಲರ ಕುತ್ತಿಗೆ ಸಿಗದಂತೆ ನೋಡಿಕೊಳ್ಳುವುದು.

ಆ ಕುತ್ತಿಗೆ ಎಷ್ಟು ಸಪೂರ ಎಂದು ತಿಳಿಯಲು 2011ರ ಜನವರಿ ಕೊನೆಯ ಈಜಿಪ್ಟನ್ನು ನೋಡಿ. ಸರ್ಕಾರದ ಆದೇಶ ತಲುಪಿದ ಮೇಲೆ ಇಂಟರ್ನೆಟ್ ಸಂಪರ್ಕ ಕೊಡುವ ಕೆಲವೇ ಕಂಪನಿಗಳು ತಮ್ಮ ಮಾರ್ಗಗಳನ್ನು ಹಿಂತೆಗೆದುಕೊಂಡವು. ಒಂದೇ ರಾತ್ರಿಯಲ್ಲಿ ಇಡೀ ದೇಶ ಇಂಟರ್ನೆಟ್‌ನಿಂದ ಬಹುಪಾಲು ಮಾಯವಾಯಿತು, ಐದಾರು ದಿನ ಮರಳಲಿಲ್ಲ. ದುರುದ್ದೇಶವೇ ಇರಬೇಕೆಂದೂ ಇಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ತನ್ನದೇ ಜಾಲದ ಒಂದು ತಪ್ಪು ಬದಲಾವಣೆಯಿಂದ ಸುಮಾರು ಆರು ಗಂಟೆ ಕಾಣೆಯಾದಾಗ ವಾಟ್ಸ್‌ಆ್ಯಪ್ ಮತ್ತು ಇನ್‌ಸ್ಟಾಗ್ರಾಂ ಕೂಡ ಜೊತೆಗೇ ಮುಳುಗಿದವು. 2025ರ ಅಕ್ಟೋಬರ್ 20ರಂದು ಅಮೆಜಾನ್‌ನ ವರ್ಜೀನಿಯಾ ಸರ್ವರ್ ಸಮೂಹದಲ್ಲಿ ತೊಂದರೆಯಾದಾಗ ಕೆಟ್ಟವುಗಳ ಪಟ್ಟಿಯಲ್ಲಿ ನಾನು ಈಗಷ್ಟೇ ಹೊಗಳಿದ ಸಿಗ್ನಲ್ ಕೂಡ ಇತ್ತು. ಗುಟ್ಟು ಭದ್ರವಾಗಿತ್ತು, ಆದರೆ ಮಾತನಾಡುವಂತಿರಲಿಲ್ಲ.

ಜಾಲ ಉಳಿಯುವುದರ ಜೊತೆಗೆ ಇನ್ನೊಂದು ಲಾಭವಿದೆ: ಇದ್ದ ಜಾಗವನ್ನು ಬಿಟ್ಟು ಹೊರಡುವ ಸ್ವಾತಂತ್ರ್ಯ. ನನ್ನ ಮಟ್ಟಿಗೆ ಇದೇ ದೊಡ್ಡದು. ಇಂದು ಒಂದು ಸಾಮಾಜಿಕ ಜಾಲತಾಣದ ನಿಯಮ ನಿಮಗೆ ಸರಿಬೀಳದಿದ್ದರೆ ಬಿಟ್ಟುಹೋಗಬಹುದು, ಆದರೆ ಹತ್ತು ವರ್ಷಗಳ ಗೆಳೆಯರನ್ನೂ ಬರೆದದ್ದನ್ನೂ ಅಲ್ಲಿಯೇ ಬಿಟ್ಟು. ಇಷ್ಟು ದಂಡ ತೆರಬೇಕಾದಾಗ ಯಾರೂ ಕದಲುವುದಿಲ್ಲ. ಯಾರೂ ಕದಲುವುದಿಲ್ಲ ಎಂದು ಗೊತ್ತಿದ್ದಾಗ ಕಂಪನಿ ಇನ್ನಷ್ಟು ಮಾಹಿತಿ ಕೇಳುತ್ತದೆ. ವಿಕೇಂದ್ರೀಕರಣಕ್ಕೂ ಕಣ್ಗಾವಲಿಗೂ ಇರುವ ನಿಜವಾದ ನಂಟು ಇದು, ಸುತ್ತು ದಾರಿಯ ನಂಟು.

2018ರ ಜನವರಿಯಲ್ಲಿ ಆ್ಯಕ್ಟಿವಿಟಿಪಬ್ ಎಂಬ ಪ್ರೊಟೊಕಾಲನ್ನು, ಅಂದರೆ ಸರ್ವರ್‌ಗಳು ಪರಸ್ಪರ ಮಾತನಾಡುವ ನಿಯಮಾವಳಿಯನ್ನು, ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಅಧಿಕೃತ ಶಿಫಾರಸಾಗಿ ಪ್ರಕಟಿಸಿತು. ಮ್ಯಾಸ್ಟೊಡಾನ್ ನಡೆಯುವುದು ಅದರ ಮೇಲೆಯೇ. ಬೇರೆ ಬೇರೆ ಜನ ನಡೆಸುವ ಸಾವಿರಾರು ಸರ್ವರ್‌ಗಳು ಒಂದರೊಡನೊಂದು ಮಾತನಾಡುತ್ತವೆ. 2019ರ ಜುಲೈನಲ್ಲಿ ಅಲ್ಲೊಂದು ಸ್ವಾರಸ್ಯದ ಪ್ರಸಂಗ ನಡೆಯಿತು. ಬಲಪಂಥೀಯ ಉಗ್ರವಾದಿಗಳ ನೆಲೆಯೆಂದು ಕುಖ್ಯಾತವಾಗಿದ್ದ ಗ್ಯಾಬ್ ಎಂಬ ತಾಣ ಮ್ಯಾಸ್ಟೊಡಾನ್‌ನ ಮುಕ್ತ ಮೂಲಸಂಕೇತವನ್ನೇ ತೆಗೆದುಕೊಂಡು ತನ್ನ ಸರ್ವರ್ ಕಟ್ಟಿತು. ಅದನ್ನು ತಡೆಯಲು ಯಾರಿಗೂ ಅಧಿಕಾರವಿರಲಿಲ್ಲ, ತಂತ್ರಾಂಶದ ಪರವಾನಗಿಯೇ ಹಾಗಿದೆ. ಉಳಿದ ಸರ್ವರ್‌ಗಳಲ್ಲಿ ಬಹಳಷ್ಟು ಗ್ಯಾಬ್‌ನ ಸಂಪರ್ಕವನ್ನು ಕಡಿದುಕೊಂಡವು. ಗ್ಯಾಬ್‌ನ ಬಾಯಿ ಮುಚ್ಚಿಸಲಿಲ್ಲ, ತಮ್ಮ ಕಿವಿಯನ್ನು ಕೊಡಲಿಲ್ಲ. ಆನ್‌ಲೈನ್ ವಾಕ್‌ಸ್ವಾತಂತ್ರ್ಯದ ಬಗ್ಗೆ ನಡೆಯುವ ಅರ್ಧದಷ್ಟು ಜಗಳಗಳು ಈ ಎರಡರ ವ್ಯತ್ಯಾಸವನ್ನು ಮರೆತದ್ದರಿಂದ ಹುಟ್ಟುತ್ತವೆ.

ಭರವಸೆಗೆ ಎದುರಾಗಿ ಒಂದು ಕಹಿ ಸತ್ಯವನ್ನೂ ಹೇಳಬೇಕು. ಹಂಚಿದ್ದು ಮತ್ತೆ ಒಂದೆಡೆ ಸೇರಿಕೊಳ್ಳುತ್ತದೆ. ಇಮೇಲ್ ಸರ್ವರನ್ನು ಯಾರು ಬೇಕಾದರೂ ನಡೆಸಬಹುದು, ಆದರೂ ಜಗತ್ತಿನ ಬಹುಪಾಲು ಇಮೇಲ್ ಬೆರಳೆಣಿಕೆಯ ಕಂಪನಿಗಳ ಮೂಲಕ ಹಾಯುತ್ತದೆ. ಬಿಟ್‌ಕಾಯಿನ್ ಗಣಿಗಾರರ, ಅಂದರೆ ವಹಿವಾಟುಗಳನ್ನು ಲೆಕ್ಕದ ಪುಸ್ತಕಕ್ಕೆ ಸೇರಿಸುವವರ, ಒಂದೇ ಒಕ್ಕೂಟ, ಜಿಹ್ಯಾಶ್, 2014ರ ಜೂನ್‌ನಲ್ಲಿ ಜಾಲದ ಅರ್ಧಕ್ಕೂ ಹೆಚ್ಚು ಗಣನಾ ಶಕ್ತಿಯನ್ನು ಸ್ವಲ್ಪ ಕಾಲ ಹಿಡಿದಿತ್ತು. ಬಿಟ್‌ಕಾಯಿನ್‌ನಂಥದ್ದೇ ಇನ್ನೊಂದು ಜಾಲವಾದ ಎಥೀರಿಯಂಗೆ ಸಾವಿರಾರು ಕಂಪ್ಯೂಟರ್‌ಗಳ ಜಾಲವಿದೆ ಎಂದು ಹೆಮ್ಮೆಪಡುತ್ತಿದ್ದಾಗಲೇ, 2020ರ ನವೆಂಬರ್ 11ರಂದು ಇನ್ಫ್ಯೂರಾ ಎಂಬ ಒಂದೇ ಸೇವೆ ಕೆಟ್ಟು ಅನೇಕರ ವ್ಯಾಲೆಟ್‌ಗಳು, ಅಂದರೆ ಡಿಜಿಟಲ್ ಹಣದ ಚೀಲಗಳು, ಕುರುಡಾದವು. ಅವರೆಲ್ಲರೂ ಆ ಒಂದು ಕಿಟಕಿಯ ಮೂಲಕವೇ ಜಾಲವನ್ನು ನೋಡುತ್ತಿದ್ದರು.

ಕಾರಣ ಸರಳ. ಸರ್ವರ್ ನಡೆಸುವುದು ದುಡಿಮೆ. ಸ್ಪ್ಯಾಮ್ ಸೋಸಬೇಕು, ಬೈಗುಳ ಅಳಿಸಬೇಕು, ಮಧ್ಯರಾತ್ರಿ ಎದ್ದು ಡಿಸ್ಕ್ ಬದಲಿಸಬೇಕು. ಯಾರು ಆ ದುಡಿಮೆಯನ್ನು ಮಾಡುತ್ತಾರೋ ಅವರ ಬಳಿಗೆ ಜನ ಹೋಗುತ್ತಾರೆ, ಜನ ಹೋದಲ್ಲಿಗೆ ಅಧಿಕಾರವೂ ಹೋಗುತ್ತದೆ. ಬಿಟ್‌ಕಾಯಿನ್, ಎಥೀರಿಯಂಗಳ ಹಿಂದಿರುವ ಬ್ಲಾಕ್‌ಚೈನ್ ತಂತ್ರಜ್ಞಾನದ ಪ್ರಚಾರಕರು ಈ ದುಡಿಮೆಯ ಪ್ರಶ್ನೆಗೆ ಟೋಕನ್ ಎಂಬ ಡಿಜಿಟಲ್ ನಾಣ್ಯ ಮಾರುವುದನ್ನು ಬಿಟ್ಟು ಬೇರೆ ಉತ್ತರ ಕೊಟ್ಟದ್ದು ಕಡಿಮೆ. ಸ್ವಯಂಸೇವಕರು ನಡೆಸುವ ಸಣ್ಣ ಸರ್ವರ್‌ಗಳ ಬಗ್ಗೆ ನನಗೆ ಹೆಚ್ಚು ಗೌರವವಿದೆ. ಆದರೆ ಸ್ವಯಂಸೇವಕರು ದಣಿಯುತ್ತಾರೆ, ಸರ್ವರ್ ಮುಚ್ಚುತ್ತದೆ, ಜೊತೆಗೆ ನಿಮ್ಮ ಖಾತೆಯೂ ಹೋಗುತ್ತದೆ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿ ಪ್ರಶ್ನೆಗಳಿಗೆ ಬರುತ್ತೇನೆ.

ಪ್ರಶ್ನೆ: ನನಗೆ ಸರ್ವರ್ ನಡೆಸಲು ಬರುವುದಿಲ್ಲ, ಕಲಿಯುವ ಬಿಡುವೂ ಇಲ್ಲ. ನನ್ನಂಥವರು ಏನು ಮಾಡಬೇಕು?

ನಡೆಸಬೇಡಿ. ಸಂಗ್ರಹವಾಗುವುದನ್ನು ಕಡಿಮೆ ಮಾಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಜಾಹೀರಾತಿಗೆಂದೇ ಇರುವ ಗುರುತಿನ ಸಂಖ್ಯೆಯೊಂದಿರುತ್ತದೆ. ಆ್ಯಂಡ್ರಾಯ್ಡ್‌ನಲ್ಲಿ ಅದನ್ನು ಅಳಿಸಬಹುದು, ಐಫೋನ್‌ನಲ್ಲಿ ಆ್ಯಪ್‌ಗಳಿಗೆ ಅದು ಸಿಗದಂತೆ ಮಾಡಬಹುದು. ಯಾವ ಆ್ಯಪ್‌ಗಳಿಗೆ ನಿಮ್ಮ ಸ್ಥಳ ತಿಳಿಯುವ ಅನುಮತಿ ಇದೆ ಎಂದು ಒಮ್ಮೆ ನೋಡಿ, ಅಚ್ಚರಿಪಡುತ್ತೀರಿ. ವಾಟ್ಸ್‌ಆ್ಯಪ್ ಸಂದೇಶಗಳು ದಾರಿಯಲ್ಲಿ ಭದ್ರವಾಗಿದ್ದರೂ ಕ್ಲೌಡ್‌ನಲ್ಲಿ ಇಡುವ ಬ್ಯಾಕಪ್‌ಗೆ ಎನ್‌ಕ್ರಿಪ್ಷನ್ ಆಯ್ಕೆಯನ್ನು ನೀವಾಗಿ ಆನ್ ಮಾಡಬೇಕಾಗಬಹುದು, ಅದನ್ನೂ ನೋಡಿಕೊಳ್ಳಿ. ಇನ್ನೊಂದು ಕೆಲಸಕ್ಕೆ ವರ್ಷಕ್ಕೆ ಸ್ವಲ್ಪ ಖರ್ಚು ಬೀಳುತ್ತದೆ: ನಿಮ್ಮದೇ ಒಂದು ಡೊಮೇನ್ ಹೆಸರು ತೆಗೆದುಕೊಂಡು ಇಮೇಲ್ ವಿಳಾಸವನ್ನು ಅದರ ಮೇಲೆ ಇಟ್ಟುಕೊಳ್ಳಿ. ಸೇವೆ ಯಾವ ಕಂಪನಿಯದ್ದಾದರೂ ಇರಲಿ. ಆ ಕಂಪನಿ ಬೇಡವೆನಿಸಿದ ದಿನ ವಿಳಾಸ ಬದಲಿಸದೆ ಬೇರೆಡೆಗೆ ಹೋಗಬಹುದು. ನಾನು ಹೇಳಿದ ಬಿಟ್ಟುಹೋಗುವ ಸ್ವಾತಂತ್ರ್ಯದಲ್ಲಿ ಇಂದು ಸಾಮಾನ್ಯರಿಗೆ ಸುಲಭವಾಗಿ ಸಿಗುವ ತುಂಡು ಅದು.

ಪ್ರಶ್ನೆ: ಇದನ್ನೆಲ್ಲ ತಂತ್ರಜ್ಞರಿಗೇ ಬಿಡಬೇಕೇ? ಕಾನೂನಿನಿಂದ ಏನೂ ಆಗದೇ?

ಆಗುತ್ತದೆ, ಆಗಿದೆ ಕೂಡ. ಮೊಬೈಲ್ ಕಂಪನಿ ಬದಲಿಸಿದರೂ ಅದೇ ಸಂಖ್ಯೆಯನ್ನು ಉಳಿಸಿಕೊಳ್ಳುವ ಸೌಲಭ್ಯ ಇಂದು ಅನೇಕ ದೇಶಗಳಲ್ಲಿದೆ. ಕಂಪನಿಗಳು ಅದನ್ನು ತಾವಾಗಿ ಕೊಡಲಿಲ್ಲ, ನಿಯಂತ್ರಕರು ಕೊಡಿಸಿದರು. ಸಂದೇಶ ಸೇವೆಗಳ ವಿಷಯದಲ್ಲಿ ಇತಿಹಾಸ ಹಿಂದಕ್ಕೆ ನಡೆದಿದೆ. 2005ರಲ್ಲಿ ಆರಂಭವಾದ ಗೂಗಲ್ ಟಾಕ್ ಎಕ್ಸ್‌ಎಂಪಿಪಿ ಎಂಬ ಮುಕ್ತ ಪ್ರೊಟೊಕಾಲ್ ಬಳಸುತ್ತಿತ್ತು, ಬೇರೆ ಸರ್ವರ್‌ಗಳ ಜನರೊಡನೆ ಮಾತನಾಡಬಹುದಿತ್ತು. 2013ರಲ್ಲಿ ಹ್ಯಾಂಗ್‌ಔಟ್ಸ್ ಬಂದಾಗ ಆ ಬಾಗಿಲು ಅದರಲ್ಲಿ ಇರಲಿಲ್ಲ.

ಜಿಡಿಪಿಆರ್ ಎಂಬ ಯುರೋಪಿನ ಮಾಹಿತಿ ರಕ್ಷಣಾ ಕಾನೂನು 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ನಿಮ್ಮ ಮಾಹಿತಿಯನ್ನು ಕಂಪನಿಯಿಂದ ಪಡೆದುಕೊಳ್ಳುವ ಹಕ್ಕನ್ನು ಅದು ಕೊಡುತ್ತದೆ. ಹಾಗೆ ಸಿಗುವ ಜಿಪ್ ಕಡತವನ್ನು ಇಳಿಸಿಕೊಂಡವರಿಗೆ ಗೊತ್ತು, ಅದನ್ನು ಒಯ್ದು ಸುರಿಯಲು ಬೇರೆ ಜಾಗವಿಲ್ಲ. ಈ ಕೊರತೆಗೆ ಕೈ ಹಾಕಿರುವುದು ಅದೇ ಯುರೋಪಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆ. ದೊಡ್ಡ ಸಂದೇಶ ಸೇವೆಗಳು ತಮ್ಮನ್ನು ಕೋರಿದ ಸಣ್ಣ ಸೇವೆಗಳೊಂದಿಗೆ ಸಂಪರ್ಕ ಕಲ್ಪಿಸಬೇಕು, ಎನ್‌ಕ್ರಿಪ್ಷನ್‌ನ ಮಟ್ಟ ಇಳಿಯಬಾರದು ಎಂದು ಅದು ಹೇಳುತ್ತದೆ. ವಾಟ್ಸ್‌ಆ್ಯಪ್ 2023ರ ಸೆಪ್ಟೆಂಬರ್‌ನಲ್ಲಿ ಈ ಕಾಯ್ದೆ ಅನ್ವಯಿಸುವ ದೊಡ್ಡ ಸೇವೆಗಳ ಪಟ್ಟಿಗೆ ಸೇರಿತು. ಮೊದಲು ಇಬ್ಬರ ನಡುವಿನ ಸಂದೇಶಗಳು, ಎರಡು ವರ್ಷದೊಳಗೆ ಗುಂಪುಗಳು, ನಾಲ್ಕು ವರ್ಷದೊಳಗೆ ಧ್ವನಿ ಮತ್ತು ವಿಡಿಯೊ ಕರೆಗಳು. ಅಂದರೆ ಕರೆಗಳ ಗಡುವು 2027ರ ಸೆಪ್ಟೆಂಬರ್. ನಾಲ್ಕಾರು ಜನರ ಒಂದು ಸಣ್ಣ ತಂಡ ಅಷ್ಟರೊಳಗೆ ಅರ್ಜಿ ಹಾಕಿ ನಿಜಕ್ಕೂ ಸಂಪರ್ಕ ಪಡೆಯುತ್ತದೆಯೇ, ಅಥವಾ ಷರತ್ತುಗಳ ಕಾಗದಪತ್ರದಲ್ಲೇ ಸುಸ್ತಾಗುತ್ತದೆಯೇ ಎಂಬುದನ್ನು ನಾನು ಕಾಯುತ್ತಿದ್ದೇನೆ.